ಹೊನ್ನೂರು ಅಂದರೆ 24 ಬೈಟ್

ಬೆಂಗಳೂರಿನ ಆಫೀಸುಗಳಲ್ಲಿ ಶುಕ್ರವಾರ ಸಂಜೆ ಯಾರಾದರೂ "ಊರಿಗೆ ಹೋಗ್ತಿದೀನಿ" ಅಂದರೆ ಯಾವ ಊರು ಅಂತ ಯಾರೂ ಕೇಳೋದಿಲ್ಲ. ಹೇಳಿದವರು ಯಾರು ಅನ್ನೋದರಲ್ಲೇ ಉತ್ತರ ಇರುತ್ತೆ. ಒಬ್ಬ ಹೇಳಿದರೆ ಸಿರಸಿ, ಇನ್ನೊಬ್ಬಳು ಹೇಳಿದರೆ ಹಾವೇರಿ, ನಾನು ಹೇಳಿದರೆ ಹೊನ್ನೂರು. ಪದ ಒಂದೇ, ಅದು ತೋರಿಸೋ ಜಾಗ ಮಾತ್ರ ಬೇರೆ ಬೇರೆ. ನನ್ನ ಕೆಲಸದ ಭಾಷೆಯಲ್ಲಿ ಇದಕ್ಕೆ ರಿಲೇಟಿವ್ ಪಾತ್ ಅಂತಾರೆ. ಎಲ್ಲಿ ನಿಂತು ಹೇಳ್ತಿದೀರಿ ಅನ್ನೋದು ಗೊತ್ತಿದ್ದರೆ ಮಾತ್ರ ಅರ್ಥವಾಗುವ ವಿಳಾಸ.

ಪೂರ್ತಿ ವಿಳಾಸ ಬೇಕು ಅಂದರೆ ಮೇಲಿನಿಂದ ಶುರು ಮಾಡಬೇಕು: /ಕರ್ನಾಟಕ/ಚಾಮರಾಜನಗರ/ಯಳಂದೂರು/ಹೊನ್ನೂರು. ಇದು ಆಬ್ಸಲ್ಯೂಟ್ ಪಾತ್. ಆದರೆ ಇದೂ ಶಾಶ್ವತವೇನಲ್ಲ ನೋಡಿ. ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ ಜಿಲ್ಲೆ ಮೈಸೂರು ಅಂತಿದೆ, ಯಾಕಂದ್ರೆ ಚಾಮರಾಜನಗರ ಜಿಲ್ಲೆ ಆಗಿದ್ದೇ 1997ರಲ್ಲಿ. ಅಜ್ಜನ ಕಾಗದಗಳಲ್ಲಿ ರಾಜ್ಯದ ಹೆಸರೂ ಮೈಸೂರೇ, ಅದು ಕರ್ನಾಟಕ ಆಗಿದ್ದು 1973ರಲ್ಲಿ. ಪಕ್ಕದ ಕೊಳ್ಳೇಗಾಲದ್ದು ಇನ್ನೂ ದೊಡ್ಡ ಕಥೆ. 1956ರವರೆಗೆ ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, ಆಮೇಲೆ ಚಾಮರಾಜನಗರ ಜಿಲ್ಲೆ, ಇತ್ತೀಚೆಗೆ ಅದರೊಳಗಿಂದ ಹನೂರು ಬೇರೆ ತಾಲ್ಲೂಕಾಗಿ ಹೊರಬಂತು. ಚಾಮರಾಜನಗರಕ್ಕೂ ಮೊದಲು ಅರಿಕುಠಾರ ಅಂತ ಹೆಸರಿತ್ತು. ಇಷ್ಟೆಲ್ಲ ಆದರೂ ಯಾವ ಊರೂ ಒಂದು ಅಡಿ ಆಚೀಚೆ ಸರಿದಿಲ್ಲ.

ಕಂಪ್ಯೂಟರ್ ಒಳಗೂ ಇದೇ ವ್ಯವಸ್ಥೆ. ಲಿನಕ್ಸ್ ಥರದ ಸಿಸ್ಟಂನಲ್ಲಿ ಪ್ರತಿ ಫೈಲಿಗೂ ಐನೋಡ್ ಅಂತ ಒಂದು ದಾಖಲೆ ಇರುತ್ತೆ, ಅದಕ್ಕೊಂದು ನಂಬರ್. ಫೈಲ್ ಎಷ್ಟು ದೊಡ್ಡದು, ಯಾರದ್ದು, ಡಿಸ್ಕಿನ ಯಾವ ಜಾಗದಲ್ಲಿದೆ, ಎಲ್ಲಾ ಅಲ್ಲಿರುತ್ತೆ. ಹೆಸರು ಮಾತ್ರ ಇರೋದಿಲ್ಲ. ಹೆಸರು ಇರೋದು ಫೋಲ್ಡರಿನಲ್ಲಿ. ಫೋಲ್ಡರ್ ಅಂದರೆ "ಈ ಹೆಸರಿಗೆ ಈ ನಂಬರ್" ಅಂತ ಬರೆದಿಟ್ಟ ಪಟ್ಟಿ, ಅಷ್ಟೇ. ನೀವು ಒಂದು ಪಾತ್ ಕೊಟ್ಟಾಗ ಕರ್ನಲ್ ಬೇರಿನಿಂದ ಶುರು ಮಾಡಿ ಒಂದೊಂದೇ ಹೆಸರನ್ನು ಆಯಾ ಪಟ್ಟಿಯಲ್ಲಿ ಹುಡುಕುತ್ತೆ. ಪ್ರತಿ ಬಾಗಿಲಲ್ಲೂ "ಒಳಗೆ ಬರೋಕೆ ಅನುಮತಿ ಇದೆಯಾ" ಅಂತ ನೋಡಿ ಮುಂದೆ ಹೋಗುತ್ತೆ. ಇದಕ್ಕೆ ಪಾತ್ ರೆಸಲ್ಯೂಷನ್ ಅಂತ ಹೆಸರು. ನಾನು ದಿನಾ ಕೂತು ಒದ್ದಾಡೋದು ಇದರ ಜೊತೆಗೇ.

ಈ ನಡಿಗೆಯಲ್ಲಿ ಮಜಾ ಬರೋದು ಸಿಂಬಾಲಿಕ್ ಲಿಂಕ್ ಎದುರಾದಾಗ. ನಾವೆಲ್ಲ ಸಿಮ್‌ಲಿಂಕ್ ಅಂತೀವಿ. 1983ರಲ್ಲಿ ಬರ್ಕ್ಲಿಯಿಂದ ಬಂದ ಬಿಎಸ್‌ಡಿ 4.2ರ ಜೊತೆ ಇದು ಯುನಿಕ್ಸ್ ಲೋಕದಲ್ಲಿ ಬಳಕೆಗೆ ಬಂತು. ಸಿಮ್‌ಲಿಂಕ್ ಅನ್ನೋದು ಒಂದು ಪುಟ್ಟ ಚೀಟಿ. ಅದರೊಳಗೆ ಇನ್ನೊಂದು ಪಾತ್ ಬರೆದಿರುತ್ತೆ, ಬೇರೇನೂ ಇರಲ್ಲ. ದಾರಿಯಲ್ಲಿ ಚೀಟಿ ಸಿಕ್ಕರೆ ಕರ್ನಲ್ ಅದರಲ್ಲಿ ಬರೆದಿರೋ ದಾರಿ ಹಿಡಿಯುತ್ತೆ. ಬರಹ ಓರೆಗೀಟಿನಿಂದ ಶುರುವಾದರೆ ಮತ್ತೆ ಬೇರಿನಿಂದ ನಡಿಗೆ, ಇಲ್ಲದಿದ್ದರೆ ಚೀಟಿ ಇದ್ದ ಫೋಲ್ಡರಿನಿಂದ. ಚೀಟಿ ಬರೆಯುವಾಗ ಆ ಜಾಗ ನಿಜವಾಗಿ ಇದೆಯಾ ಅಂತ ಯಾರೂ ಪರೀಕ್ಷೆ ಮಾಡಲ್ಲ. ಆಮೇಲೆ ಆ ಜಾಗ ಹೋಗಿಬಿಟ್ಟರೆ ಚೀಟಿಗೆ ಗೊತ್ತೂ ಆಗಲ್ಲ. ಅಂಥದ್ದಕ್ಕೆ ಡ್ಯಾಂಗ್ಲಿಂಗ್ ಲಿಂಕ್, ಅಂದರೆ ನೇತಾಡೋ ಲಿಂಕ್, ಅಂತಾರೆ.

ಇಷ್ಟು ಪೀಠಿಕೆ ಯಾಕೆ ಅಂದ್ರೆ, ನಮ್ಮ ಮನೆಯಲ್ಲಿ ಜಮೀನು ಭಾಗ ಮಾಡೋ ಮಾತು ಬಂದಾಗ ಈ ನೇತಾಡೋ ಲಿಂಕ್‌ಗಳೆಲ್ಲ ಒಟ್ಟಿಗೆ ಎದುರಿಗೆ ಬಂದವು.

ಪಹಣಿ ತೆಗೆದವರಿಗೆಲ್ಲ ಗೊತ್ತಿರುತ್ತೆ, ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಅಂತ ಒಂದೊಂದೇ ಆರಿಸಿಕೊಂಡು ಹೋಗಬೇಕು. ಅಪ್ಪಟ ಆಬ್ಸಲ್ಯೂಟ್ ಪಾತ್. ನಮ್ಮ ಪಾತ್ ಸರಿಯಾಗೇ ತೆರೆದುಕೊಳ್ತು. ಕೊನೆಯಲ್ಲಿ ಇದ್ದಿದ್ದು ಅಜ್ಜನ ಹೆಸರು. ಅಜ್ಜ ತೀರಿಕೊಂಡು ವರ್ಷಗಳೇ ಆಗಿವೆ, ಪೌತಿ ಖಾತೆ ಮಾಡಿಸಿರಲಿಲ್ಲ. ಇದು ನಮ್ಮೊಬ್ಬರ ಮನೆ ಕಥೆ ಅಂತ ನಾನು ಅಂದುಕೊಂಡಿಲ್ಲ. ಇದನ್ನು ಓದ್ತಿರೋರಲ್ಲಿ ಎಷ್ಟು ಜನರ ಊರಿನ ಪಹಣಿ ಇವತ್ತಿಗೂ ಇಲ್ಲದವರ ಹೆಸರಲ್ಲಿದೆ, ನೀವೇ ಒಮ್ಮೆ ನೋಡಿ.

ಅದು ಸರಿಮಾಡಬಹುದಾದ ವಿಷಯ. ನಿಜವಾದ ತೊಡಕು ಬೇರೆ ಕಡೆ ಇತ್ತು. ಅಜ್ಜ ಬದುಕಿದ್ದಾಗ "ಹುಣಸೆಮರದ ಹೊಲ ಮಗಳಿಗೆ" ಅಂತ ಹೇಳಿದ್ದರಂತೆ. ಅತ್ತೆಯನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದು. ಅಜ್ಜ ಹಾಗೆ ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ, ಜಗಳವೇ ಇಲ್ಲ. ಆದರೆ ಹುಣಸೆಮರದ ಹೊಲ ಯಾವುದು? ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತೆ, ಮರದ ಹೆಸರು ಇರಲ್ಲ. ಹುಣಸೆಮರ ನಾನು ಹುಟ್ಟೋಕೆ ಮುಂಚೆಯೇ ಬಿದ್ದುಹೋಗಿತ್ತು. ಒಳಗಡೆ ಇರೋ 22 ಗುಂಟೆಯೇ ಅದು ಅಂತ ಅಪ್ಪ. ರಸ್ತೆ ಪಕ್ಕದ ದೊಡ್ಡ ತಾಕು ಅಂತ ಚಿಕ್ಕಪ್ಪ. ಇಬ್ಬರಲ್ಲಿ ಯಾರೂ ಸುಳ್ಳು ಹೇಳೋರಲ್ಲ. ಅವರು ಹುಡುಗರಾಗಿದ್ದಾಗ ಕೇಳಿದ ಹೆಸರು ಇಬ್ಬರ ತಲೆಯಲ್ಲೂ ಇತ್ತು, ಅದು ತೋರಿಸ್ತಿದ್ದ ಮರ ಮಾತ್ರ ಇರಲಿಲ್ಲ. ರಸ್ತೆ ಪಕ್ಕದ ಗುಂಟೆಗೂ ಒಳಗಡೆ ಗುಂಟೆಗೂ ಇವತ್ತಿನ ರೇಟಿನಲ್ಲಿ ಇರೋ ವ್ಯತ್ಯಾಸ ನಿಮಗೆ ಹೇಳಬೇಕಾಗಿಲ್ಲ. ಅತ್ತೆ ಒಂದು ಮಾತೂ ಆಡಲಿಲ್ಲ. "ನೀವು ಹೆಂಗ್ ಹೇಳ್ತೀರೋ ಹಂಗೆ" ಅಂದರು. ಆ ಮಾತಿಗೇ ಎಲ್ಲರಿಗೂ ಹಿಂಸೆ ಆಗಿದ್ದು.

ಆಗ ನೆನಪಾಗಿದ್ದು ಅಜ್ಜಿಯ ರೆಕಾರ್ಡಿಂಗ್. ತಮ್ಮ ಕಾಲೇಜಿನಲ್ಲಿದ್ದಾಗ ಒಂದು ರಜೆಯಲ್ಲಿ ಅಜ್ಜಿಯನ್ನು ಬದುವಿನ ಮೇಲೆ ನಡೆಸಿಕೊಂಡು ಹೋಗಿ, ಯಾವ ಹೊಲಕ್ಕೆ ಏನು ಹೆಸರು, ಯಾರಿಂದ ಬಂತು ಅಂತೆಲ್ಲ ಮಾತಾಡಿಸಿ ಫೋನಿನಲ್ಲಿ ತುಂಬಿಕೊಂಡಿದ್ದ. ಅಜ್ಜಿ ಈಗ ಇಲ್ಲ. ತಮ್ಮ ಹೊರದೇಶಕ್ಕೆ ಹೋಗುವಾಗ ತನ್ನ ಹೋಮ್ ಫೋಲ್ಡರನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ನನ್ನ ಕೈಗೆ ಕೊಟ್ಟಿದ್ದ, "ಊರಿಂದೆಲ್ಲಾ ಇದ್ರಲ್ಲೈತೆ" ಅಂತ. ತೆಗೆದು ನೋಡಿದೆ. "ಊರು" ಅನ್ನೋ ಫೋಲ್ಡರ್ ಇತ್ತು, ಅದರೊಳಗೆ ಮದುವೆ, ಜಾತ್ರೆ, ಶಾಲೆ, ಅಜ್ಜಿ ಅಂತ ಹೆಸರುಗಳೂ ಇದ್ದವು. ಕ್ಲಿಕ್ ಮಾಡಿದರೆ ಒಂದೂ ತೆರೆಯಲಿಲ್ಲ. ಟರ್ಮಿನಲ್‌ನಲ್ಲಿ ಪಟ್ಟಿ ಹಾಕಿಸಿದಾಗ ಪ್ರತಿ ಹೆಸರಿನ ಮುಂದೆ ಒಂದು ಬಾಣ. ಅಜ್ಜಿಯ ಬಾಣ ಹೀಗಿತ್ತು: /ಹಳೇ/ಹೊನ್ನೂರು/ಅಜ್ಜಿ.

ಅದು ಸಿಮ್‌ಲಿಂಕ್. ಅದರ ಗಾತ್ರ 51 ಬೈಟ್. ಸಿಮ್‌ಲಿಂಕಿನ ಗಾತ್ರ ಅಂದರೆ ಅದರಲ್ಲಿ ಬರೆದಿರೋ ಪಾತ್‌ನ ಉದ್ದ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹಳೇ 9, ಹೊನ್ನೂರು 24, ಅಜ್ಜಿ 15, ಮೂರು ಓರೆಗೀಟು ಸೇರಿ 51. ಅಜ್ಜಿ ಬದುವಿನ ಮೇಲೆ ನಡೀತಾ ಆಡಿದ ಮಾತೆಲ್ಲ ನನ್ನ ಹತ್ತಿರ ಅಷ್ಟರಲ್ಲಿತ್ತು.

ಇದರಲ್ಲಿ ತಮ್ಮನ ತಪ್ಪೇನೂ ಇಲ್ಲ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಎರಡನೇ ಡಿಸ್ಕನ್ನು "ಹಳೇ" ಅನ್ನೋ ಹೆಸರಲ್ಲಿ ಜೋಡಿಸಿಕೊಂಡಿದ್ದ. ಭಾರದ ಫೈಲುಗಳೆಲ್ಲ ಅಲ್ಲಿ, ಹೋಮ್ ಫೋಲ್ಡರಿನಲ್ಲಿ ಬರೀ ಲಿಂಕುಗಳು. ಅವನ ಕಂಪ್ಯೂಟರಿನಲ್ಲಿ ಎಲ್ಲವೂ ಸಲೀಸಾಗಿ ತೆರೀತಿತ್ತು. ಸಾಮಾನ್ಯವಾಗಿ ಟಾರ್ ಆಗಲಿ, ಆರ್‌ಸಿಂಕ್‌ನ ಆರ್ಕೈವ್ ಆಯ್ಕೆ ಆಗಲಿ, ಲಿಂಕನ್ನು ಲಿಂಕ್ ಆಗಿಯೇ ಎತ್ತಿಕೊಂಡು ಹೋಗುತ್ತವೆ. ಅದು ತೋರಿಸೋ ವಸ್ತುವೂ ಬೇಕು ಅಂದರೆ ನಾವೇ ಬಾಯಿಬಿಟ್ಟು ಹೇಳಬೇಕು. ಹಾಗೆ ಮಾಡಿರೋದಕ್ಕೆ ಕಾರಣವೂ ಇದೆ. ಲಿಂಕುಗಳನ್ನೆಲ್ಲ ಬಿಡಿಸಿ ಕಾಪಿ ಮಾಡ್ತಾ ಹೋದರೆ ಒಂದೇ ಫೈಲ್ ಹತ್ತು ಸಲ ಬರಬಹುದು, ಅಥವಾ ಲಿಂಕ್ ಒಂದು ಮೇಲಿನ ಫೋಲ್ಡರಿಗೇ ತಿರುಗಿ ತೋರಿಸ್ತಿದ್ದರೆ ಸುತ್ತು ಬೀಳಬಹುದು.

ತಮ್ಮನಿಗೆ ಫೋನ್ ಮಾಡಿದೆ. ಆ ಡಿಸ್ಕ್ ಸತ್ತು ಎರಡು ವರ್ಷ ಆಗಿತ್ತು. ಪುಣ್ಯಕ್ಕೆ ಅದಕ್ಕೂ ಮೊದಲು ತಂಗಿ ಜಾತ್ರೆ ಫೋಟೋಗಳಿಗೋಸ್ಕರ ಆ ಡಿಸ್ಕನ್ನು ಪೂರ್ತಿಯಾಗಿ ತನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡಿದ್ದಳು. ಅವಳದ್ದು ಬೇರೆ ಥರದ ಆಪರೇಟಿಂಗ್ ಸಿಸ್ಟಂ. ಅದನ್ನೆಲ್ಲ ಒಂದು ಟಾರ್ ಕಟ್ಟು ಮಾಡಿ ಕಳಿಸಿದಳು, ನಾನು ನನ್ನ ಲಿನಕ್ಸ್ ಯಂತ್ರದಲ್ಲಿ ಬಿಚ್ಚಿದೆ. ಈಗ ತಮ್ಮನ ಲಿಂಕುಗಳನ್ನು ಒಂದೊಂದಾಗಿ ತಿದ್ದಬೇಕಾಗಿಲ್ಲ. ಬೇರಿನ ಹತ್ತಿರ "ಹಳೇ" ಅಂತ ಒಂದೇ ಒಂದು ಹೊಸ ಲಿಂಕ್ ಮಾಡಿ ತಂಗಿಯ ಫೋಲ್ಡರಿನ ಕಡೆ ತೋರಿಸಿದೆ. ಮದುವೆ ತೆರೀತು, ಜಾತ್ರೆ ತೆರೀತು, ಶಾಲೆ ತೆರೀತು. ಸಿಮ್‌ಲಿಂಕಿನ ದೊಡ್ಡ ಉಪಕಾರ ಇದೇ. ಮಧ್ಯದ ಒಂದು ಗಂಟು ಸರಿಮಾಡಿದರೆ ಅದನ್ನು ನಂಬಿದ ಎಲ್ಲಾ ದಾರಿಗಳೂ ಸರಿಹೋಗುತ್ತವೆ. ಕಂಪನಿಗಳು ಹೊಸ ವರ್ಷನ್ ಬಿಡುವಾಗ "ಕರೆಂಟ್" ಅನ್ನೋ ಲಿಂಕನ್ನು ಹಳೆಯ ಫೋಲ್ಡರಿನಿಂದ ಹೊಸದಕ್ಕೆ ತಿರುಗಿಸೋದು ಇದೇ ನಂಬಿಕೆಯ ಮೇಲೆ.

ಅಜ್ಜಿ ಮಾತ್ರ ತೆರೆಯಲಿಲ್ಲ. "ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ" ಅಂತ ಉತ್ತರ. ಒಳಗೆ ಹೋಗಿ ನೋಡಿದರೆ ಹೊನ್ನೂರು ಅನ್ನೋ ಫೋಲ್ಡರ್ ಕಣ್ಣೆದುರಿಗೇ ಇದೆ. ಅದರೊಳಗೆ ಅಜ್ಜಿಯೂ ಇದೆ. ಕೈಯಿಂದ "ಹೊನ್ನೂರು" ಅಂತ ಟೈಪ್ ಮಾಡಿದರೆ ಇಲ್ಲ, ಮೌಸ್‌ನಿಂದ ಒತ್ತಿದರೆ ಇದೆ!

ಹೆಸರುಗಳ ಬೈಟ್ ಎಣಿಸಿದೆ. ನಾನು ಟೈಪ್ ಮಾಡಿದ ಹೊನ್ನೂರು 24 ಬೈಟ್. ಡಿಸ್ಕಿನಲ್ಲಿದ್ದ ಹೊನ್ನೂರು 27 ಬೈಟ್. ವ್ಯತ್ಯಾಸ ಇದ್ದಿದ್ದು "ಹೊ" ಅಕ್ಷರದಲ್ಲಿ. ಯೂನಿಕೋಡಿನಲ್ಲಿ ಇದನ್ನು ಎರಡು ಥರ ಬರೀಬಹುದು. ಹ ಅಕ್ಷರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸೋದು ಒಂದು ರೀತಿ. ಹ ಅಕ್ಷರಕ್ಕೆ ಎತ್ವ, ಅದರ ಮೇಲೆ ಊತ್ವದ ಕೊಂಬು ಸೇರಿಸೋದು ಇನ್ನೊಂದು ರೀತಿ. ಸ್ಲೇಟಿನ ಮೇಲೆ ಕಾಗುಣಿತ ತಿದ್ದುವಾಗ ನಮ್ಮ ಕೈ ಮಾಡ್ತಿದ್ದುದು ಈ ಎರಡನೆಯದನ್ನೇ, ಮೊದಲು ಹೆ, ಆಮೇಲೆ ಪಕ್ಕದಲ್ಲಿ ಕೊಂಬು. ಎರಡೂ ಒಂದೇ ಅಂತ ಯೂನಿಕೋಡ್ ಒಪ್ಪುತ್ತೆ, ಪರದೆಯ ಮೇಲೂ ಒಂದೇ ಥರ ಕಾಣುತ್ತೆ. ಕೆಲವು ಫೈಲ್ ಸಿಸ್ಟಂಗಳು ಹೆಸರನ್ನು ಹೀಗೆ ಬಿಡಿಸಿ ಬರೆದಿಟ್ಟುಕೊಳ್ಳುತ್ತವೆ. ಲಿನಕ್ಸ್ ಸಾಮಾನ್ಯವಾಗಿ ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಲ್ಲ. ಅದಕ್ಕೆ ಹೆಸರು ಅಂದರೆ ಬೈಟುಗಳ ಸಾಲು. ಸಾಲು ಬೇರೆ ಆದರೆ ಊರೇ ಬೇರೆ. ತಂಗಿಯ ಯಂತ್ರ ಹಾದು ಬರುವಾಗ ನಮ್ಮೂರು 3 ಬೈಟ್ ಉದ್ದವಾಗಿತ್ತು. ಮದುವೆ, ಜಾತ್ರೆ, ಶಾಲೆಯಲ್ಲಿ ಹಾಗೆ ಬಿಡಿಸೋ ಅಕ್ಷರವೇ ಇಲ್ಲ, ಹಾಗಾಗಿ ಅವು ಪಾರಾಗಿದ್ದವು.

ಪರಿಹಾರ ಒಂದು ಸಾಲಿನದ್ದು. 24 ಬೈಟಿನ ಹೊನ್ನೂರು ಅಂತ ಒಂದು ಲಿಂಕ್ ಮಾಡಿ 27 ಬೈಟಿನ ಹೊನ್ನೂರಿಗೆ ತೋರಿಸಿದೆ. ಪಟ್ಟಿ ಹಾಕಿದರೆ "ಹೊನ್ನೂರು -> ಹೊನ್ನೂರು" ಅಂತ ಬಂತು. ನೋಡಿದವರು ಇವನಿಗೆ ತಲೆ ಕೆಟ್ಟಿದೆ ಅನ್ನಬೇಕು. ನಿಜವಾಗಿಯೂ ತನ್ನನ್ನೇ ತೋರಿಸೋ ಲಿಂಕ್ ಆಗಿದ್ದರೆ ಲಿನಕ್ಸ್ 40 ಸಲ ಲಿಂಕ್ ಹಿಂಬಾಲಿಸಿ, ಆಮೇಲೆ "ಲಿಂಕುಗಳು ಜಾಸ್ತಿ ಆದವು" ಅಂತ ಕೈ ಚೆಲ್ತಿತ್ತು. ಇದು ಹಾಗಾಗಲಿಲ್ಲ. ತೆರೀತು.

ಭಾನುವಾರ ಊರಲ್ಲಿ ಎಲ್ಲರೂ ಕೂತು ಕೇಳಿದೆವು. ಗಾಳಿಯ ಸದ್ದು, ನಡುನಡುವೆ ತಮ್ಮನ ನಗು, ಅಜ್ಜಿಯ ಏದುಸಿರು. ಹೊಲದಿಂದ ಹೊಲಕ್ಕೆ ಹೋಗ್ತಾ ಹೋಗ್ತಾ ಒಂದು ಕಡೆ ಅಜ್ಜಿ ನಿಂತು ಹೇಳ್ತಾಳೆ: "ಉಣ್ಸೆಮರ ಬಿದ್ ಮ್ಯಾಲ ಅದೇ ಗುಂಡೀಲಿ ವಂಗೆ ಗಿಡ ಮಡಗ್ದಿ ಕನಾ ಮೊಗ. ಈಗ ನೋಡು, ನನ್ಗಿಂತ ಎತ್ರ ಆಗದ." ಆ ಹೊಂಗೆಮರ ಇವತ್ತಿಗೂ ಇದೆ. ರಸ್ತೆ ಪಕ್ಕದ ತಾಕಿನಲ್ಲಿ.

ಅಪ್ಪ ಅದನ್ನು ಇನ್ನೊಂದು ಸಲ ಹಾಕಿಸಿ ಕೇಳಿದರು. ಮೂರನೇ ಸಲ ಕೇಳಲಿಲ್ಲ. "ಅದೇ ಆಯ್ತಲ್ಲ ಮತ್ತೆ" ಅಂತ ಎದ್ದು ಹೋಗಿ ಕೈ ತೊಳೆದುಕೊಂಡು ಊಟಕ್ಕೆ ಕೂತರು. ಅತ್ತೆ ಹೊಲದ ವಿಷಯ ಎತ್ತಲೇ ಇಲ್ಲ. ಅಜ್ಜಿ ನಗೋ ಜಾಗವನ್ನು ಮಾತ್ರ ಮತ್ತೆ ಹಾಕು ಅಂದರು.

ಆವತ್ತು ಅತ್ತೆಯನ್ನು ನೋಡ್ತಾ ನನಗೆ ಎರಡು ಚುಕ್ಕಿಯ ವಿಷಯ ನೆನಪಾಯಿತು. ಪಾತ್‌ನಲ್ಲಿ ".." ಅಂದರೆ "ಒಂದು ಮೆಟ್ಟಿಲು ಮೇಲೆ". ಹೊಸಬರು ಬರೆಯೋ ಕೋಡಿನಲ್ಲಿ "ಅಜ್ಜಿ/.." ಅಂತ ಕಂಡರೆ ಎರಡನ್ನೂ ಹೊಡೆದುಹಾಕಿಬಿಡ್ತಾರೆ, ಒಳಗೆ ಹೋಗಿ ಹೊರಗೆ ಬಂದರೆ ಇದ್ದಲ್ಲೇ ಇದ್ದ ಹಾಗೆ ಅಂತ. ಅಜ್ಜಿ ಅನ್ನೋದು ಲಿಂಕ್ ಆಗಿದ್ದರೆ ಈ ಲೆಕ್ಕ ತಪ್ಪು. ಲಿಂಕಿನೊಳಗೆ ಹೋದ ಮೇಲೆ ".." ಅಂದರೆ ನೀವು ಬಂದ ಮನೆ ಅಲ್ಲ, ಲಿಂಕ್ ತೋರಿಸಿದ ಜಾಗದ ಮೇಲಿನ ಮನೆ. ಶೆಲ್‌ಗಳು ನಾವು ಬಂದ ದಾರಿಯನ್ನು ನೆನಪಿಟ್ಟುಕೊಂಡು ಅಲ್ಲಿಗೇ ವಾಪಸ್ ಕರೆದುಕೊಂಡು ಹೋಗುತ್ತವೆ, ಕರ್ನಲ್‌ಗೆ ಆ ನೆನಪಿಲ್ಲ. ಈ ಗೊಂದಲದ ಬಗ್ಗೆಯೇ ರಾಬ್ ಪೈಕ್ 2000ದಲ್ಲಿ ಒಂದು ಪ್ರಬಂಧ ಬರೆದರು, ಪ್ಲಾನ್ 9 ಅನ್ನೋ ಸಿಸ್ಟಂನಲ್ಲಿ ಎರಡು ಚುಕ್ಕಿಯನ್ನು ಸರಿಮಾಡಿದ ಕಥೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ನಮ್ಮಲ್ಲಿ ಗಾದೆ ಇದೆ. ಅದು ಕರ್ನಲ್ ಲೆಕ್ಕ, ಈಗ ನಿಂತ ಮನೆಯೇ ಮನೆ. ಕಾನೂನು ಆ ಲೆಕ್ಕ ಒಪ್ಪಲ್ಲ, ಬಂದ ದಾರಿಯನ್ನು ನೆನಪಿಡುತ್ತೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದು ಅದನ್ನು ಅಳಿಸಲ್ಲ.

ಮುಂದಿನ ಕೆಲಸಕ್ಕೆ ನಾನು ಸ್ವಲ್ಪ ಅವಸರ ಮಾಡಿದೆ. ಅದಕ್ಕೂ ಕಾರಣ ನನ್ನ ಕಸುಬೇ. ಪಾತ್ ವಿಷಯದಲ್ಲಿ ಸೆಕ್ಯುರಿಟಿಯವರು ಹೆದರೋದು ನೋಡೋದಕ್ಕೂ ಬಳಸೋದಕ್ಕೂ ನಡುವಿನ ಸಂದಿಗೆ. ಒಂದು ಪ್ರೋಗ್ರಾಂ ಮೊದಲು "ಈ ಫೈಲ್ ಸರಿಯಾಗಿದೆಯಾ" ಅಂತ ನೋಡುತ್ತೆ, ಆಮೇಲೆ ಅದೇ ಹೆಸರಿನಿಂದ ತೆರೆಯುತ್ತೆ. ಆ ಎರಡರ ನಡುವೆ ಯಾರಾದರೂ ಫೈಲ್ ಕಿತ್ತು ಅದೇ ಹೆಸರಲ್ಲಿ ಪಾಸ್‌ವರ್ಡ್ ಫೈಲಿಗೆ ಲಿಂಕ್ ಇಟ್ಟರೆ ಮುಗೀತು. ಸೈಟ್ ಕೊಳ್ಳೋರು ಇಸಿ ತೆಗೆಸಿ ನೋಡಿ, ತಿಂಗಳು ಬಿಟ್ಟು ನೋಂದಣಿಗೆ ಹೋದ ಹಾಗೆ. ಇಸಿ ನಿಜವೇ, ಆದರೆ ತೆಗೆಸಿದ ದಿನಕ್ಕೆ ನಿಜ. ಪಾತ್ ಒಂದರ ನಿಜವಾದ ರೂಪ ಕೊಡೋ ರಿಯಲ್‌ಪಾತ್ ಅನ್ನೋ ಫಂಕ್ಷನ್ ಕೂಡ ಹಾಗೆಯೇ, ಕೇಳಿದ ಆ ಕ್ಷಣದ ಉತ್ತರ ಅದು. ಅದಕ್ಕೇ ಸರಿಯಾದ ಕ್ರಮ ಅಂದರೆ ಮೊದಲು ಫೈಲನ್ನು ತೆರೆದು ಹಿಡಿದುಕೊಳ್ಳೋದು, ಆಮೇಲೆ ಕೈಯಲ್ಲಿರೋದನ್ನೇ ಪರೀಕ್ಷೆ ಮಾಡೋದು. ಲಿಂಕ್ ಸಿಕ್ಕರೆ ತೆರೀಬೇಡ ಅಂತ, ಈ ಫೋಲ್ಡರ್ ಬಿಟ್ಟು ಆಚೆ ಹೋಗಲೇಬೇಡ ಅಂತ ಕರ್ನಲ್‌ಗೇ ಹೇಳಬಹುದು. ಎರಡನೆಯದಕ್ಕಾಗಿ 2020ರ ಲಿನಕ್ಸ್ 5.6ರಲ್ಲಿ ಓಪನ್‌ಆಟ್2 ಅನ್ನೋ ಹೊಸ ಸಿಸ್ಟಂ ಕಾಲ್ ಬಂತು.

ಹೀಗೆ ಹಿಡಿದುಕೊಂಡ ಫೈಲಿಗೆ ಒಂದು ಗುಣ ಇದೆ. ಬೇರೆ ಯಾರೋ ಬಂದು ಅದರ ಹೆಸರನ್ನೇ ಫೋಲ್ಡರಿನಿಂದ ಅಳಿಸಿದರೂ, ತೆರೆದವರು ಮುಚ್ಚೋ ತನಕ ಐನೋಡ್ ಉಳಿಯುತ್ತೆ, ಓದಬಹುದು. ನಮ್ಮ ಮನೆಯಲ್ಲೂ ಹೊಂಗೆಮರ ಇರೋವಾಗಲೇ, ಎಲ್ಲರೂ ಒಂದೇ ಮಾತಿನಲ್ಲಿರೋವಾಗಲೇ ಪೌತಿ ಖಾತೆಗೆ ಅರ್ಜಿ ಹಾಕಿಸಿ, ವಿಭಾಗ ಪತ್ರದ ಕರಡಿನಲ್ಲಿ ಅತ್ತೆಯ ಹೆಸರಿನ ಮುಂದೆ ಮರದ ಬದಲು ಸರ್ವೆ ನಂಬರ್ ಬರೆಸಿದೆವು. ಚಿಕ್ಕಪ್ಪ ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಹೊಲದ ಹೆಸರು, ಬಲಗಡೆ ನಂಬರ್ ಬರೆದಿಟ್ಟಿದ್ದಾರೆ. ಅಜ್ಜಿ ಹೇಳಿದ ಇನ್ನೂ ಎರಡು ಹೆಸರುಗಳ ಬಲಗಡೆ ಖಾಲಿ ಇದೆ.

ನೀವೂ ಒಂದು ಕೆಲಸ ಮಾಡಿ. ಮನೆಯಲ್ಲಿ ಲಿನಕ್ಸ್ ಬಳಸೋರಿದ್ದರೆ ಬ್ಯಾಕಪ್ ಡಿಸ್ಕ್ ಚುಚ್ಚಿ, ಫೈಂಡ್ ಕಮಾಂಡಿಗೆ ಎಕ್ಸ್‌ಟೈಪ್ ಎಲ್ ಅನ್ನೋ ಆಯ್ಕೆ ಕೊಟ್ಟು ಓಡಿಸಿ. ಎಲ್ಲಿಗೂ ಮುಟ್ಟದ ಲಿಂಕುಗಳನ್ನೆಲ್ಲ ಅದು ಸಾಲಾಗಿ ತೋರಿಸುತ್ತೆ. ಅದು ಬೇಡ ಅಂದರೆ ಡಿಸ್ಕಿನ ಗಾತ್ರವನ್ನಾದರೂ ನೋಡಿ, ಹತ್ತು ವರ್ಷದ ಫೋಟೋಗಳು ಕೆಲವೇ ಕೆಬಿ ಇದ್ದರೆ ಇವತ್ತೇ ವಿಚಾರಿಸಿ. ಮುಂದಿನ ಸಲ ಊರಿಗೆ ಹೋದಾಗ ಯಾವ ಹೊಲಕ್ಕೆ ಯಾಕೆ ಆ ಹೆಸರು ಬಂತು ಅಂತ ದೊಡ್ಡವರನ್ನು ಕೇಳಿ ಬರೆದುಕೊಳ್ಳಿ. ಮರ ಯಾವುದು ಅಂತ ಕೈತೋರಿಸಿ ಹೇಳೋರು ಇರೋವಾಗ ಹತ್ತು ನಿಮಿಷದ ಕೆಲಸ ಅದು.